ಅತ್ತೆ ಹೇಳಿದ್ದು, ಸೊಸೆ ಬರೆದದ್ದು

ಆ ಮನೆಯಲ್ಲಿ ಬೆಳಗಿನ ಐದೂವರೆಯಿಂದ ಆರು ಗಂಟೆಯವರೆಗೆ ಯಾರೂ ಅತ್ತೆಯನ್ನು ಮಾತಾಡಿಸುವಂತಿರಲಿಲ್ಲ. ಮನೆಗೆ ಬೆಂಕಿ ಬಿದ್ದರೂ ಆರು ಹೊಡೆದ ಮೇಲೇ ಹೇಳಬೇಕು ಎಂದು ಮಗ ತಮಾಷೆ ಮಾಡುತ್ತಿದ್ದ. ಎದ್ದು ಮುಖ ತೊಳೆದು, ಕಿಟಕಿಯ ಪಕ್ಕದ ಮರದ ಕುರ್ಚಿಯಲ್ಲಿ ಅವರು ಹದಿನೈದು ನಿಮಿಷ ಕೈ ಮುಗಿದು ಕೂರುತ್ತಿದ್ದರು. ಆಮೇಲೆ ಹದಿನೈದು ನಿಮಿಷ ನೋಟ್‌ಬುಕ್ಕಿನಲ್ಲಿ ಒಂದು ಪುಟ ಬರೆಯುತ್ತಿದ್ದರು. ನಿನ್ನೆ ಏನೇನಾಯಿತು, ತಾವೇನು ತಪ್ಪು ಮಾಡಿದರು, ಮನೆಯ ಒಬ್ಬೊಬ್ಬರಿಗೂ ದೇವರಲ್ಲಿ ಏನು ಕೇಳಿದರು, ಇಷ್ಟೇ. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಗಂಡ ತೀರಿಹೋದ ಮರುದಿನವೂ ಬರೆದಿದ್ದರು, ಜ್ವರದಲ್ಲಿ ಗಡಗಡ ನಡುಗುತ್ತಲೂ ಬರೆದಿದ್ದರು. ತುಂಬಿದ ನೋಟ್‌ಬುಕ್ಕುಗಳು ಕಬ್ಬಿಣದ ಟ್ರಂಕು ಸೇರುತ್ತಿದ್ದವು. ಅದರ ಬೀಗದ ಕೈ ಅತ್ತೆಯ ಸೊಂಟ ಬಿಟ್ಟು ಇಳಿದದ್ದನ್ನು ಯಾರೂ ಕಂಡಿರಲಿಲ್ಲ.

ಆ ವರ್ಷ ಅವರ ಎರಡೂ ಕಣ್ಣಿಗೆ ಪೊರೆ ಬಂತು. ಮೊದಮೊದಲು ಅಕ್ಷರ ದಪ್ಪ ಮಾಡಿ ಬರೆದರು, ಆಮೇಲೆ ಒಂದೊಂದು ಗೆರೆ ಬಿಟ್ಟು ಬರೆದರು, ಕೊನೆಗೊಂದು ದಿನ ನಿನ್ನೆ ಬರೆದ ಪುಟದ ಮೇಲೇ ಇವತ್ತಿನದ್ದನ್ನೂ ಬರೆದರು. ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಹೆಸರು ಬರೆಸಿದರೆ, ಸರದಿ ಬರಲು ಎರಡು ತಿಂಗಳಾಗುತ್ತದೆ ಎಂದರು.

ಊಟಕ್ಕೆ ಕೂತಾಗ ಅತ್ತೆ ವಿಷಯ ಎತ್ತಿದರು. "ಎರಡು ತಿಂಗಳು ನಾನು ಹೇಳ್ತೀನಿ. ಯಾರಾದ್ರೂ ಬರ್ಕೊಡಿ."

ಮಗ ಬಸ್ಸಿನ ಕಂಡಕ್ಟರು. ಅವನ ಮೊದಲ ಟ್ರಿಪ್ಪು ಹೊರಡುವುದೇ ಆರೂಕಾಲಿಗೆ. "ಅಮ್ಮಾ, ಇದನ್ನೆಲ್ಲ ಓದೋಕೆ ದೇವರಿಗೆ ಪುರುಸೊತ್ತು ಎಲ್ಲಿದೆ? ಮನಸ್ಸಲ್ಲೇ ಹೇಳ್ಕೊಂಡ್ರೆ ಸಾಲದಾ?"

"ಮನಸ್ಸಲ್ಲಿ ಹೇಳ್ಕೊಂಡಿದ್ದನ್ನ ನಾಳೆ ಬದಲಾಯಿಸ್ಕೋಬಹುದು ಕಣೋ. ಬರೆದಿದ್ದು ಬರೆದ ಹಾಗೇ ಇರತ್ತೆ."

"ಹಾಗಾದ್ರೆ ಚೂಟಿ ಬರೀಲಿ. ಕಾಲೇಜಿಗೆ ಹೋಗೋಳು, ಅಕ್ಷರ ಮುದ್ದಾಗಿದೆ."

ಚೂಟಿ ಎಂದರೆ ಮೊಮ್ಮಗಳು. ಹೆಸರು ಇಟ್ಟವರು ಅವಳನ್ನು ಬೆಳಗಿನ ಹೊತ್ತು ನೋಡಿರಲಿಲ್ಲವೆಂದು ಕಾಣುತ್ತದೆ. ಮೂರು ದಿನ ಆಕಳಿಸುತ್ತ ಬರೆದಳು. ನಾಲ್ಕನೆಯ ದಿನ ಅಜ್ಜಿ ಅರ್ಧ ಪುಟ ಹೇಳಿ ಮುಗಿಸುವಷ್ಟರಲ್ಲಿ ಎದುರಿನಿಂದ ಗೊರಕೆ ಕೇಳಿಸಿತು.

ಹೀಗೆ ಕೆಲಸ ಸುತ್ತಿ ಬಳಸಿ ಸೊಸೆಯ ಕೊರಳಿಗೇ ಬಂತು. ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು ಇಟ್ಟುಕೊಂಡಿದ್ದಳು. ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಶಾಲೆ ಶುರುವಾಗಲು ಎರಡೇ ತಿಂಗಳು ಉಳಿದಿದ್ದ ಕಾಲ. ಯೂನಿಫಾರ್ಮಿನ ಬಟ್ಟೆ ಮಂಚದ ಕೆಳಗೆ, ಬೀರುವಿನ ಮೇಲೆ, ಕುರ್ಚಿಯ ಬೆನ್ನಿಗೆ, ಎಲ್ಲೆಂದರಲ್ಲಿ ಬಿದ್ದಿತ್ತು.

"ನಿಮ್ಮಮ್ಮನ ನೇಮಕ್ಕೆ ನನ್ನನ್ಯಾಕ್ರೀ ಕಟ್ಟಿ ಹಾಕ್ತೀರಿ?" ಎಂದು ಅವಳು ಗಂಡನ ಮೇಲೆ ಹರಿಹಾಯ್ದಳು. "ಆ ಹೊತ್ತಿಗೆ ನಾನು ನಿಮ್ಮ ಡಬ್ಬಿ ಕಟ್ಟಬೇಕು, ನೀರು ಹಿಡೀಬೇಕು, ಕಟಿಂಗ್ ಮಾಡ್ಕೋಬೇಕು."

"ಅರ್ಧ ಗಂಟೆ ತಾನೇ? ಡಬ್ಬಿಗೆ ರಾತ್ರಿ ಉಳಿದಿದ್ದೇ ಹಾಕು, ನಾನು ಏನೂ ಅನ್ನಲ್ಲ."

"ನೀವು ಅನ್ನಲ್ಲ. ನಿಮ್ಮಮ್ಮ ಅದನ್ನೂ ದೇವರಿಗೆ ಬರೆಸ್ತಾರೆ."

ಅವಳು ಬಾಯಿಗೆ ಬಂದದ್ದನ್ನು ಅಂದಿದ್ದಳು, ಅದು ನಿಜವೇ ಆಯಿತು. ಮೊದಲ ದಿನವೇ ಅತ್ತೆ ಕೈ ಮುಗಿದು ಮುಗಿಸಿ, ಗಂಟಲು ಸರಿಮಾಡಿಕೊಂಡು, "ನಿನ್ನೆ ಬೇಳೆಗೆ ಉಪ್ಪು ಜಾಸ್ತಿಯಾಗಿತ್ತು ಅಂತ ಬರಿ" ಎಂದರು.

ಟೈಲರಮ್ಮ ಪೆನ್ನು ಎತ್ತಿ ಹಿಡಿದಳು. "ಅತ್ತೆ, ಆ ಬೇಳೆ ಬೇಯಿಸಿದ್ದು ನಾನು."

"ನೀನೇ ಅಂತ ಬರಿ ಅನ್ನಲಿಲ್ಲ ನಾನು. ಉಪ್ಪು ಜಾಸ್ತಿ ಅಂದೆ. ನನಗೆ ಸಿಟ್ಟು ಬಂತು, ಸಿಟ್ಟು ಬಂದಿದ್ದು ನನ್ನ ತಪ್ಪು ಅಂತಾನೂ ಬರಿ. ಮಗನಿಗೆ ಪ್ಯಾಸೆಂಜರ್ ಜೊತೆ ಜಗಳ ಬೇಡ ಅಂತ ಕೇಳಿದೀನಿ. ಚೂಟಿಗೆ ಲೆಕ್ಕದಲ್ಲಿ ಪಾಸು."

"ನನಗೆ?"

"ನಿನಗೆ ತಾಳ್ಮೆ."

ಉಪ್ಪು ಜಾಸ್ತಿ ಮಾಡಿದವಳಿಂದಲೇ ಉಪ್ಪಿನ ದೂರು ಬರೆಸಿ, ಮೇಲೆ ತಾಳ್ಮೆಯನ್ನೂ ಕೇಳುವ ಅತ್ತೆಯನ್ನು ಏನೆನ್ನಬೇಕು? ಒಂದು ವಾರ ಟೈಲರಮ್ಮ ಹಲ್ಲು ಕಚ್ಚಿಕೊಂಡು ಬರೆದಳು. ಎರಡನೆಯ ವಾರ ದೂರುಗಳನ್ನು ಬಿಟ್ಟು ಬರೆದಳು. ಆಮೇಲೆ ಒಂದು ದಿನ, ಹನ್ನೆರಡು ಜೊತೆ ಬಟ್ಟೆ ಅವತ್ತೇ ಕೊಡಬೇಕಾಗಿತ್ತು, ತಲೆಯಲ್ಲಿ ಅದೇ ಸುತ್ತುತ್ತಿತ್ತು. ಅತ್ತೆ ನೆರೆಮನೆಯ ಬೆಕ್ಕಿನ ವಿಷಯ ಹೇಳುತ್ತಿದ್ದರು. ಟೈಲರಮ್ಮನ ಕೈ ತನ್ನಷ್ಟಕ್ಕೆ ಬರೆಯಿತು: ಎದೆ ಇಪ್ಪತ್ತಾರು, ಉದ್ದ ಹತ್ತೊಂಬತ್ತು, ತೋಳು ಏಳು.

ಬರೆದು ನಾಲಿಗೆ ಕಚ್ಚಿಕೊಂಡಳು. ಅತ್ತೆಯ ಮುಖ ನೋಡಿದಳು. ಅವರಿಗೆ ಕೇಳಿಸುತ್ತಿದ್ದದ್ದು ಕಾಗದದ ಮೇಲೆ ಪೆನ್ನು ಹರಿದಾಡುವ ಸದ್ದು ಮಾತ್ರ. ಸದ್ದು ನಿಂತರೆ "ಯಾಕೆ ನಿಂತೆ?" ಎನ್ನುತ್ತಿದ್ದರು, ನಿಲ್ಲದಿದ್ದರೆ ಹಾಯಾಗಿ ಮುಂದುವರಿಯುತ್ತಿದ್ದರು.

ಅಂದಿನಿಂದ ಆ ಅರ್ಧ ಗಂಟೆ ಟೈಲರಮ್ಮನ ಸ್ವಂತದ್ದಾಯಿತು. ದಿನದ ಕೆಲಸವನ್ನೆಲ್ಲ ಅಲ್ಲೇ ಬರೆದುಕೊಂಡಳು: ಯಾರ ಚಡ್ಡಿ, ಯಾರ ಫ್ರಾಕು, ಎಷ್ಟು ಗುಂಡಿ, ನೀಲಿ ದಾರ ತರಿಸಬೇಕು. ನಡುನಡುವೆ "ಹೂಂ ಅತ್ತೆ" ಎನ್ನುತ್ತಿದ್ದಳು. ಕೆಲಸ ಸಲೀಸಾಯಿತು. ಗಂಡ ಕೂಡ, "ನೋಡು, ದೇವರ ಹೆಸರಲ್ಲಿ ಕೂತಿದ್ದಕ್ಕೆ ನಿನ್ನ ಮುಖಾನೇ ತಿಳಿಯಾಗಿದೆ" ಎಂದ. ಅವಳು ಮುಸಿಮುಸಿ ನಕ್ಕಳು. ಆ ನಗು ಎಷ್ಟು ದುಬಾರಿಯಾಗುತ್ತದೆಂದು ಅವಳಿಗೇನು ಗೊತ್ತಿತ್ತು ಪಾಪ!

ಆರನೆಯ ವಾರದ ಒಂದು ದಿನ ಅತ್ತೆ ಕೈ ಮುಗಿದು ಕೂತವರು ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ಆಮೇಲೆ ಮೆಲ್ಲಗೆ ಹೇಳತೊಡಗಿದರು. ಟೈಲರಮ್ಮ ಅವತ್ತು ಶಾಲೆಯವರು ಚೀಟಿಯಲ್ಲಿ ಕಳಿಸಿದ್ದ ಅಳತೆಗಳನ್ನು ಸೈಜಿನ ಪ್ರಕಾರ ಜೋಡಿಸಿ ಬರೆಯುತ್ತಿದ್ದಳು. ಕಣ್ಣೆಲ್ಲ ಚೀಟಿಯ ಮೇಲೆ, ಕಿವಿ ಎಲ್ಲೋ. ಅತ್ತೆಯ ದನಿ ಒಂದೆರಡು ಕಡೆ ತಡವರಿಸಿತು, ನೆಗಡಿಯೇನೋ ಎಂದುಕೊಂಡಳು. ಆರು ಗಂಟೆಯಾದರೂ ಅವರು ನಿಲ್ಲಿಸಲಿಲ್ಲ, ಬೇಳೆ ಸೀದೀತು ಎಂದು ಇವಳಿಗೆ ಚಡಪಡಿಕೆ.

ಕೊನೆಗೆ, "ಬರೆದ್ಯಾ?" ಎಂದರು.

"ಬರೆದೆ ಅತ್ತೆ."

"ಎಲ್ಲಾನೂ?"

"ಎಲ್ಲಾನೂ."

ಅತ್ತೆ ತಡಕಾಡಿ ಅವಳ ಕೈ ಹಿಡಿದುಕೊಂಡರು. "ದೊಡ್ಡ ಮನಸ್ಸು ನಿಂದು," ಎಂದರು. ಟೈಲರಮ್ಮ ಕೈ ಬಿಡಿಸಿಕೊಂಡು ಒಲೆಯ ಕಡೆ ಓಡಿದಳು.

ಅಂದಿನಿಂದ ಅತ್ತೆ ಬೇರೆಯೇ ಆದರು. ಬೇಳೆಗೆ ಉಪ್ಪು ಹೆಚ್ಚಾದರೂ ಚಪ್ಪರಿಸಿ ಉಂಡರು. ಕಣ್ಣು ಕಾಣದಿದ್ದರೂ ಮಂಚದ ಮೇಲೆ ಕೂತು ಮುಟ್ಟಿ ಮುಟ್ಟಿ ನೋಡಿ ಬಟಾಣಿ ಬಿಡಿಸಿಕೊಟ್ಟರು, ಹೊಲಿದ ಅಂಗಿಗಳನ್ನು ಮಡಿಸಿಟ್ಟರು. ಬಟ್ಟೆ ಒಯ್ಯಲು ಬಂದವರಿಗೆಲ್ಲ, "ನನ್ನ ಸೊಸೆ ಅಂದ್ರೆ ನನ್ನ ಪುಣ್ಯ" ಎಂದು ಹೇಳಿದರು. ಮೂರು ವಾರ ಆ ಮನೆಯಲ್ಲಿ ದನಿಯೆತ್ತಿದ ಮಾತೇ ಇರಲಿಲ್ಲ. "ಅಮ್ಮನಿಗೆ ಏನು ತಿನ್ನಿಸ್ತಾ ಇದ್ದೀಯೇ?" ಎಂದು ಕಂಡಕ್ಟರು ಹೆಂಡತಿಯನ್ನು ಕೆಣಕಿದ.

ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂತು. ಸರದಿ ಬಂದಿದೆ, ಸೋಮವಾರ ಕರೆದುಕೊಂಡು ಬನ್ನಿ.

ಕಣ್ಣು ಬಂದ ತಕ್ಷಣ ಅತ್ತೆ ಮಾಡುವ ಮೊದಲ ಕೆಲಸ ಏನೆಂದು ಟೈಲರಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮೊದಲಿಗೆ ಒಂದು ಕಣ್ಣಿನ ಆಪರೇಷನ್ನು ಸುಸೂತ್ರವಾಗಿ ಆಯಿತು. ಕಪ್ಪು ಕನ್ನಡಕ, ದಿನಕ್ಕೆ ನಾಲ್ಕು ಸಲ ಮದ್ದಿನ ಹನಿ, ಹತ್ತು ದಿನ ಓದುವಂತಿಲ್ಲ, ಬರೆಯುವಂತಿಲ್ಲ, ಬಗ್ಗುವಂತಿಲ್ಲ. ಕೈ ಮುಗಿಯಲು ಮಾತ್ರ ಅಡ್ಡಿಯಿರಲಿಲ್ಲ; ಈ ಹತ್ತು ದಿನದ್ದನ್ನು ಆಮೇಲೆ ನಾನೇ ಬರೀತೀನಿ ಎಂದು ಅತ್ತೆ ಬರೆಸುವುದನ್ನು ನಿಲ್ಲಿಸಿದರು. ಹನಿ ಹಾಕುವ ಕೆಲಸವೂ ಟೈಲರಮ್ಮನದೇ.

ಅವಳು ಗಂಡನಿಗೆ ಎಲ್ಲ ಹೇಳಿಕೊಂಡಳು. ಅವನು ಮೊದಲು ಹೊಟ್ಟೆ ಹಿಡಿದು ನಕ್ಕ, ಆಮೇಲೆ ಅವಳ ಮುಖ ನೋಡಿ ನಗು ನುಂಗಿದ.

"ಹೊಸ ನೋಟ್‌ಬುಕ್ ತಂದು ಬರೆದಿಟ್ಟುಬಿಡು. ಅಮ್ಮನಿಗೆ ಏನು ಹೇಳಿದ್ದೆ ಅಂತ ಪಕ್ಕಾ ನೆನಪಿರತ್ತಾ?"

"ನನಗೇ ನೆನಪಿಲ್ವಲ್ರೀ! ಕೇಳಿಸ್ಕೊಂಡಿದ್ರೆ ತಾನೇ?"

"ಚೂಟಿಯನ್ನ ಕೇಳು. ಪಕ್ಕದ ಕೋಣೆಯಲ್ಲಿ ಮಲಗಿರ್ತಾಳೆ. ಏಳು ಅಂದ್ರೆ ಏಳಲ್ಲ, ಆದ್ರೆ ಎಲ್ಲಾ ಕೇಳಿಸ್ಕೊಂಡಿರ್ತಾಳೆ."

ಆಪರೇಷನ್ನಾದ ನಾಲ್ಕನೆಯ ದಿನ ಮಧ್ಯಾಹ್ನ ಅತ್ತೆ ಮಲಗಿದ್ದಾಗ, ಟೈಲರಮ್ಮ ಮಗಳನ್ನು ಮುಂದಿನ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡಳು. ಚೂಟಿ ಗುಂಡಿ ಹಚ್ಚುತ್ತ ನೆನಪು ಮಾಡಿಕೊಂಡಳು. ಬೆಕ್ಕಿನ ವಿಷಯ, ಅಪ್ಪನ ಕೆಮ್ಮು, ನೆರೆಯವರ ನಲ್ಲಿ. ಟೈಲರಮ್ಮ ಹೊಸ ನೋಟ್‌ಬುಕ್ಕಿನಲ್ಲಿ ಬರಬರನೆ ಬರೆದಳು.

"ಆಮೇಲೆ ಆ ದಿನದ್ದು," ಎಂದಳು ಚೂಟಿ. "ಅದು ನಿನಗೇ ನೆನಪಿರತ್ತಲ್ಲ."

"ಯಾವ ದಿನದ್ದು?"

"ನಿಮ್ಮಮ್ಮಂದು ಹೇಳಿದ್ರಲ್ಲ ಅಜ್ಜಿ."

ಟೈಲರಮ್ಮ ತಲೆಯೆತ್ತಿದಳು. "ನಮ್ಮಮ್ಮಂದು ಏನು?"

ಚೂಟಿಯ ಕೈ ನಿಂತಿತು. "ಅಮ್ಮಾ, ನೀನು ಬರೀತಾ ಇದ್ದೆ! ಪೆನ್ನಿನ ಸದ್ದು ನನಗೆ ಕೇಳಿಸ್ತಿತ್ತು. ಅಳಲೂ ಇಲ್ಲ, ಏನೂ ಅನ್ನಲೂ ಇಲ್ಲ. ನಿನಗೆ ಮೊದಲೇ ಗೊತ್ತಿತ್ತು ಅಂದ್ಕೊಂಡೆ."

"ಏನು ಅಂತ ಹೇಳೇ!"

ಚೂಟಿ ಹೇಳಿದಳು. ಹತ್ತೊಂಬತ್ತು ವರ್ಷದ ಹಿಂದೆ, ಟೈಲರಮ್ಮ ಮದುವೆಯಾಗಿ ಬಂದ ಹೊಸದರಲ್ಲಿ, ಬೀದಿಯ ಕೊನೆಯ ಅಂಗಡಿಯ ಫೋನಿಗೆ ಅವಳ ಅಣ್ಣನಿಂದ ಸುದ್ದಿ ಬಂದಿತ್ತು. ಅಮ್ಮನಿಗೆ ತೀರ ಹುಷಾರಿಲ್ಲ, ಮಗಳನ್ನು ನೋಡಬೇಕು ಅನ್ನುತ್ತಿದ್ದಾರೆ, ಕೂಡಲೇ ಕಳಿಸಿ. ಅಂಗಡಿಯವನು ಬಂದು ಹೇಳಿದ್ದು ಅತ್ತೆಗೆ. ಆಗ ಮಾವ ಹಾಸಿಗೆ ಹಿಡಿದಿದ್ದರು, ಕಂಡಕ್ಟರು ಟ್ರೈನಿಂಗಿಗೆ ಹೋಗಿದ್ದ. ಸೊಸೆ ಹೋದರೆ ಮಾವನನ್ನು ಎತ್ತಿ ಕೂರಿಸುವುದಕ್ಕೂ ಇನ್ನೊಂದು ಕೈ ಇರಲಿಲ್ಲ. ನಾಳೆ ಹೇಳೋಣ ಎಂದು ಅತ್ತೆ ಅಂದುಕೊಂಡರು. ನಾಳೆಯೂ ಹಾಗೇ ಅಂದುಕೊಂಡರು. ಹೀಗೆ ನಾಲ್ಕು ದಿನ. ಐದನೆಯ ದಿನ ಬಂದದ್ದು ಸಾವಿನ ಸುದ್ದಿ. ಈಗಷ್ಟೇ ತಿಳಿಯಿತು ಎಂದು ಹೇಳಿ ಸೊಸೆಯನ್ನು ಕಳಿಸಿಕೊಟ್ಟರು.

"ಇಷ್ಟು ವರ್ಷ ಬರೆದೆ, ಇದೊಂದನ್ನ ಬರೆಯೋಕೆ ನನ್ನ ಕೈಯೇ ಏಳಲಿಲ್ಲ ಅಂದ್ರು ಅಜ್ಜಿ. ದೇವರಿಗೆ ಹೇಳೋದಲ್ಲ ಇದು, ನಿನಗೆ ಹೇಳೋದು ಅಂದ್ರು. ಆಮೇಲೆ ಅತ್ರು. ನೀನು 'ಹೂಂ ಅತ್ತೆ' ಅಂದೆ."

ಟೈಲರಮ್ಮ ಹೊಸ ನೋಟ್‌ಬುಕ್ಕನ್ನು ಮುಚ್ಚಿದಳು. ಮೆಷಿನ್ನಿನ ಮೇಲೆ ಹಣೆಯಿಟ್ಟುಕೊಂಡು ಕೂತಳು. ಹತ್ತೊಂಬತ್ತು ವರ್ಷದಿಂದ ಅವಳು ಅಣ್ಣನೊಡನೆ ಮಾತು ಬಿಟ್ಟಿದ್ದಳು. ಅಮ್ಮನ ಹೆಣದ ಮುಂದೆಯೇ, "ಸಾಯೋ ತನಕ ಕಾದು ಆಮೇಲೆ ಹೇಳಿ ಕಳಿಸಿದ್ಯಲ್ಲೋ ಪಾಪಿ" ಎಂದು ಕೂಗಾಡಿದ್ದಳು. ಮೊದಲೇ ಹೇಳಿ ಕಳಿಸಿದ್ದೆ ಎಂದು ಅವನು ಆಣೆ ಮಾಡಿದಾಗ, ಸುಳ್ಳ ಎಂದು ನಾಲ್ಕು ಜನರೆದುರು ಜರೆದಿದ್ದಳು. ಅವನ ಮಕ್ಕಳ ಮದುವೆಗೂ ಹೋಗಿರಲಿಲ್ಲ.

ಅವತ್ತು ಸಂಜೆ ಗಂಡನಿಂದ ಅಣ್ಣನ ನಂಬರು ತೆಗೆದುಕೊಂಡು ಫೋನ್ ಮಾಡಿದಳು.

"ಯಾರು ಮಾತಾಡೋದು?" ಎಂದಿತು ಅತ್ತಲಿನ ದನಿ. ಅಣ್ಣನ ದನಿ ಮುದಿಯಾಗಿತ್ತು.

"ನಾನು, ಅಣ್ಣಾ."

"ನಾನು ಅಂದ್ರೆ ಯಾರು?"

ಹೆಸರು ಹೇಳಬೇಕಾಯಿತು. ಒಡಹುಟ್ಟಿದವನಿಗೆ ತನ್ನ ಹೆಸರು ಹೇಳಿ ಗುರುತು ಹೇಳಿಕೊಳ್ಳುವ ಗತಿ ಬಂದದ್ದಕ್ಕೆ ಅವಳಿಗೆ ಅಳು ಉಕ್ಕಿತು. "ನೀನು ಹೇಳಿ ಕಳಿಸಿದ್ದೆ. ನನಗೆ ಇವತ್ತು ಗೊತ್ತಾಯ್ತು," ಎಂದಳು.

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಮ್ಮ ಆ ನಾಲ್ಕು ದಿನ ಬಾಗಿಲ ಕಡೆ ಮುಖ ಮಾಡಿ ಮಲಗಿಸು ಅಂತಿದ್ರು," ಎಂದ. "ಅದನ್ನ ನಿನಗೆ ಹೇಳಬೇಕು ಅಂತಿದ್ದೆ. ನೀನು ಹೇಳೋಕೆ ಬಿಡಲಿಲ್ಲ." ಆಮೇಲೆ, "ಊಟ ಮಾಡ್ಕೋ ಹೋಗು," ಎಂದು ಇಟ್ಟುಬಿಟ್ಟ.

ಕಂಡಕ್ಟರಿಗೂ ವಿಷಯ ತಿಳಿಯಿತು. "ಅಮ್ಮನನ್ನ ನಾನು ಕೇಳ್ಲಾ?" ಎಂದ.

"ಯಾರೂ ಏನೂ ಕೇಳಬೇಡಿ. ಕಣ್ಣಿಗೆ ಆಪರೇಷನ್ ಆಗಿದೆ, ಅಳಬಾರದಂತೆ."

ಆರು ದಿನ ಅವಳು ಅತ್ತೆಯ ರೆಪ್ಪೆ ಎತ್ತಿ ಮದ್ದು ಹಾಕಿದಳು. ದಿನಕ್ಕೆ ನಾಲ್ಕು ಸಲ, ಗಡಿಯಾರ ನೋಡಿಕೊಂಡು. ಒಮ್ಮೊಮ್ಮೆ, ಆ ಮುಚ್ಚಿದ ಕಣ್ಣುಗಳನ್ನು ನೋಡುತ್ತ, ಈಗಲೇ ಹಿಡಿದು ಅಲ್ಲಾಡಿಸಿಬಿಡಲೇ ಅನ್ನಿಸುತ್ತಿತ್ತು. ಮರುಕ್ಷಣ, ಮುದುಕಿ ಎದೆ ಬಿಚ್ಚಿ ಅತ್ತಾಗ ತಾನು ಚಡ್ಡಿಯ ಅಳತೆ ಬರೆಯುತ್ತಿದ್ದೆನಲ್ಲ ಎಂದು ನಾಚಿಕೆಯಾಗುತ್ತಿತ್ತು. ಯಾವುದಕ್ಕೆ ಅಳುವುದೆಂದೇ ತಿಳಿಯುತ್ತಿರಲಿಲ್ಲ. ಹೊಸ ನೋಟ್‌ಬುಕ್ಕನ್ನು ಹರಿದು ಒಲೆಗೆ ಹಾಕಿದಳು. ಹಳೆಯದನ್ನು ಅದರ ಜಾಗದಲ್ಲೇ, ಕಿಟಕಿಯ ದಂಡೆಯ ಮೇಲೆ ಇಟ್ಟಳು. ನೋಡಲಿ ಎಂಬ ಹಟವೂ ಅದರಲ್ಲಿ ಇತ್ತು, ಇನ್ನು ಸುಳ್ಳು ಸಾಕು ಎಂಬ ಬೇಸರವೂ ಇತ್ತು.

ಹನ್ನೊಂದನೆಯ ದಿನ ಅತ್ತೆ ಎಂದಿನ ಹೊತ್ತಿಗೆ ಎದ್ದರು. ಕನ್ನಡಕ ತೆಗೆದಿಟ್ಟು, ಕಿಟಕಿಯಾಚೆಯ ಗೋಡೆಯನ್ನು, ತಮ್ಮ ಕೈಗಳನ್ನು, ಹೊಸಬರಂತೆ ನೋಡಿದರು. ಅವತ್ತು ಕೈ ಮುಗಿಯುವುದಕ್ಕೂ ಮೊದಲೇ ನೋಟ್‌ಬುಕ್ಕು ತೆರೆದರು. ಟೈಲರಮ್ಮ ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು.

ಅತ್ತೆ ಪುಟ ತಿರುವಿದರು. ಮತ್ತೆ ತಿರುವಿದರು. ಕೊನೆಕೊನೆಗೆ ಬೇಗಬೇಗ ತಿರುವಿದರು.

"ಇದೇನೇ ಇದು? ಎದೆ ಇಪ್ಪತ್ತೆಂಟು, ಸೊಂಟ ಇಪ್ಪತ್ತನಾಲ್ಕು..."

"ಯೂನಿಫಾರ್ಮಿನ ಅಳತೆ, ಅತ್ತೆ."

"ನಾನು ಹೇಳಿದ್ದು?"

"ಬರೀಲಿಲ್ಲ."

"ಕೇಳಿಸ್ಕೊಂಡಿದ್ದಾದ್ರೂ..."

"ಕೇಳಿಸ್ಕೊಳ್ಳಲೂ ಇಲ್ಲ. ತಪ್ಪಾಯ್ತು."

"ಹಾಗಾದ್ರೆ ನಿನಗೆ ಗೊತ್ತೇ ಇಲ್ಲ."

"ಗೊತ್ತು. ಚೂಟಿ ಕೇಳಿಸ್ಕೊಂಡಿದ್ದಳು. ಹೇಳಿದಳು. ಏಳು ದಿನ ಆಯ್ತು."

ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು. "ಏಳು ದಿನದಿಂದ ಎಲ್ಲಾ ಗೊತ್ತಿದ್ದೂ ನನ್ನ ಕಣ್ಣಿಗೆ ಮದ್ದು ಹಾಕ್ತಿದ್ಯಾ?"

"ಹಾಕಬೇಕಲ್ಲ ಅತ್ತೆ. ಹೊತ್ತು ತಪ್ಪಬಾರದು ಅಂದಿದ್ರು."

ನೋಟ್‌ಬುಕ್ಕು ಅತ್ತೆಯ ತೊಡೆಯಿಂದ ಜಾರಿತು. ಬಗ್ಗಬಾರದೆಂದು ಟೈಲರಮ್ಮನೇ ಬಂದು ಎತ್ತಿಕೊಟ್ಟಳು.

"ಅವತ್ತು ನಿನ್ನ ಪೆನ್ನು ಒಂದು ಸಲವೂ ನಿಲ್ಲಲಿಲ್ಲ," ಎಂದರು ಅತ್ತೆ. "ಇಷ್ಟು ದೊಡ್ಡದು ಕೇಳಿಯೂ ಬರೀತಾನೇ ಇದ್ದಾಳೆ, ಕ್ಷಮಿಸಿಬಿಟ್ಟಿದ್ದಾಳೆ ಅಂದ್ಕೊಂಡೆ. ಅದೇ ಗುಂಗಲ್ಲಿ ನೆಮ್ಮದಿಯಾಗಿದ್ದೆ. ಎಷ್ಟೋ ವರ್ಷದ ಮೇಲೆ ಅನ್ನ ರುಚಿಯಾಗಿತ್ತು ಕಣೇ."

ಟೈಲರಮ್ಮ ನೆಲ ನೋಡುತ್ತಿದ್ದಳು. ಆ ಮೂರು ವಾರ ಅವಳಿಗೂ ಚೆನ್ನಾಗಿಯೇ ಇತ್ತು. ಅದೊಂದೇ ಕಾಲದಲ್ಲಿ ಅವಳಿಗೆ ಈ ಮನೆಯಲ್ಲಿ ಅಮ್ಮನೊಬ್ಬಳು ಇದ್ದಂತೆ ಅನ್ನಿಸಿತ್ತು.

"ಈಗ?" ಎಂದರು ಅತ್ತೆ. ಅವರ ದನಿ ಬಹಳ ಸಣ್ಣದಾಗಿತ್ತು. "ಈಗ ಕೇಳಿಸ್ಕೊಂಡ್ಯಲ್ಲ. ಈಗ ಏನಂತೀಯ?"

ಆಯಿತು ಬಿಡಿ ಅತ್ತೆ ಎನ್ನಬೇಕೆಂದು ಅವಳು ಬಾಯಿ ತೆರೆದಳು. ಎಪ್ಪತ್ತೆರಡರ ಮುದುಕಿ, ಆಪರೇಷನ್ನಾದ ಕಣ್ಣು, ಎರಡು ಶಬ್ದ ಹೇಳಿದರೆ ಮುಗಿಯುತ್ತಿತ್ತು. ಅಣ್ಣ ಹೇಳಿದ ಬಾಗಿಲು ಕಣ್ಣಮುಂದೆ ಬಂತು.

"ಆಗ್ತಾ ಇಲ್ಲ ಅತ್ತೆ," ಎಂದಳು. "ಆಗಬೇಕು ಅಂತ ನೋಡ್ತಿದೀನಿ. ಆಗ್ತಾ ಇಲ್ಲ."

ಅತ್ತೆ ತಲೆಯಾಡಿಸಿದರು. ಅತ್ತರೆ ಕಣ್ಣಿಗೆ ಕೆಡುಕು ಎಂದು ಇಬ್ಬರಿಗೂ ಗೊತ್ತಿತ್ತು. ಅತ್ತೆ ತುಟಿ ಕಚ್ಚಿ ತಡೆದುಕೊಂಡರು. ಒಳಗೆ ಕಂಡಕ್ಟರು ಬೂಟು ಹಾಕಿಕೊಳ್ಳುವ ಸದ್ದು ಕೇಳಿಸಿತು. ಅವನು ಯಾರಿಗೂ ಹೇಳದೆ, ಡಬ್ಬಿಯನ್ನೂ ತೆಗೆದುಕೊಳ್ಳದೆ ಹೊರಟುಹೋದ.

ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತು ಎರಡೂ ಕೈ ಜೋಡಿಸಿದರು. ಕಣ್ಣು ಮುಚ್ಚುವ ಮೊದಲು ಸೊಸೆಯ ಕಡೆ ತಿರುಗಿದರು.

"ಇಷ್ಟು ದಿನ ನಿನಗೆ ಏನು ಬೇಕು ಅಂತ ನಾನೇ ನಿರ್ಧಾರ ಮಾಡಿ ಕೇಳ್ತಿದ್ದೆ. ಇವತ್ತು ನೀನೇ ಹೇಳು. ಏನು ಕೇಳಲಿ?"

"ಆ ನಾಲ್ಕು ದಿನ ಕೇಳಿ," ಎಂದಳು ಟೈಲರಮ್ಮ. "ವಾಪಸ್ಸು ಕೊಡ್ತಾನೇನೋ ಕೇಳಿ ನೋಡಿ."

ಅತ್ತೆ ಕಣ್ಣು ಮುಚ್ಚಿದರು. ಟೈಲರಮ್ಮ ಎದುರಿನ ಸ್ಟೂಲಿನ ಮೇಲೆ ಕೂತು, ಪೆನ್ನು ಹಿಡಿದು, ಅವರು ಹೇಳುವುದನ್ನು ಒಂದಕ್ಷರ ಬಿಡದೆ ಬರೆಯಬೇಕೆಂದು ಕಾದಳು. ಆರು ಹೊಡೆಯಿತು, ಆರೂವರೆಯೂ ಆಯಿತು. ಅತ್ತೆ ಬರೆಯಲು ಏನೂ ಹೇಳಲಿಲ್ಲ.